ಟೇಪ್ ರೆಕಾರ್ಡರ್ ಹೊತ್ತು ಆಟಕ್ಕೆ ಬಂದಿದ್ದವರಿಗೆ



ನಿಮ್ಮಲ್ಲಿ ಹೆಚ್ಚಿನವರ ಪರಿಚಯ ನನಗಿಲ್ಲ. ಕೋಟ, ಕುಂದಾಪುರ, ಬೈಂದೂರು, ಹೊನ್ನಾವರದ ಕಡೆ ಕೊಯ್ಲಾದ ಗದ್ದೆಯಲ್ಲಿ ಡೇರೆ ಮೇಳದ ಯಕ್ಷಗಾನ ಆಟ ಇದ್ದ ರಾತ್ರಿ ಎಲ್ಲರಿಗಿಂತ ಮೊದಲೇ ಬಂದು ರಂಗಸ್ಥಳದ ಹತ್ತಿರ ಜಾಗ ಹಿಡಿಯುತ್ತಿದ್ದವರು ನೀವು. ಮಡಿಲಲ್ಲಿ ಟೇಪ್ ರೆಕಾರ್ಡರ್, ಕೈಚೀಲದಲ್ಲಿ ಖಾಲಿ ಕ್ಯಾಸೆಟ್, ಜೇಬಿನಲ್ಲಿ ಹೊಸ ಬ್ಯಾಟರಿ. ಕೆಲವರದ್ದು ಗಲ್ಫಿನಿಂದ ಅಣ್ಣನೋ ಭಾವನೋ ತಂದುಕೊಟ್ಟ ಟೂ-ಇನ್-ವನ್. ಕೆಲವರು ಮೈಕಿನವರನ್ನು ಕಾಡಿಬೇಡಿ ಆಂಪ್ಲಿಫೈಯರ್‌ನಿಂದಲೇ ಒಂದು ವಯರ್ ಎಳೆಸಿಕೊಂಡಿರಿ. ಹಿಂದೆ ಕೂತವರು ಅಡ್ಡವಾಯಿತೆಂದು ಬೈದರು. ಮನೆಯವರು ದುಡ್ಡು ದಂಡ ಎಂದರು. ನೀವು ಬಿಡಲಿಲ್ಲ.

ಯಕ್ಷಗಾನದಲ್ಲಿ ಪದ್ಯ ಹಾಡುವ ಭಾಗವತರಾಗಿದ್ದ ಗುಂಡ್ಮಿ ಕಾಳಿಂಗ ನಾವಡರು ತೀರಿಕೊಂಡು ಮೂವತ್ತೈದು ವರ್ಷ ದಾಟಿದೆ. ಅವರ ಕಲೆಯಲ್ಲಿ ಉಳಿದಿರುವುದರ ದೊಡ್ಡ ಪಾಲು ಇವತ್ತಿಗೂ ನಿಮ್ಮ ಮನೆಗಳ ಅಟ್ಟದ ಮೇಲೆ, ಬೀರುವಿನ ಕೆಳಗಿನ ಅರೆಯಲ್ಲಿ ಇದೆ ಎಂದು ನಾನು ನಂಬಿದ್ದೇನೆ. ಎಲ್ಲರೂ ಓದುವ ಜಾಗದಲ್ಲಿ ನಿಮಗೆ ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಈಗ ಓದುತ್ತಿರುವ ಹುಡುಗ ಹುಡುಗಿಯರಿಗಾಗಿ ನಾಲ್ಕು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಾಳಿಂಗ ನಾವಡರು ಹುಟ್ಟಿದ್ದು 1958ರಲ್ಲಿ, ಸಾಲಿಗ್ರಾಮದ ಪಕ್ಕದ ಗುಂಡ್ಮಿಯಲ್ಲಿ. ತಂದೆ ರಾಮಚಂದ್ರ ನಾವಡರೂ ಭಾಗವತರು. ಭಾಗವತಿಕೆ ಕಲಿಸಿದ ಗುರು ನಾರಣಪ್ಪ ಉಪ್ಪೂರರು, ಬಡಗುತಿಟ್ಟು ಶೈಲಿಯ ಹಳೆಯ ಕ್ರಮವನ್ನು ಕಟ್ಟುನಿಟ್ಟಾಗಿ ಹಿಡಿದವರು. ಶಿಷ್ಯ ಆ ಕ್ರಮವನ್ನು ಕಲಿತು, ಅದರ ಮೇಲೆ ನಿಂತು, ಯಕ್ಷಗಾನದಲ್ಲಿ ಅಷ್ಟಾಗಿ ಕೇಳಿರದ ರಾಗಗಳನ್ನು ತಂದರು. ಇಪ್ಪತ್ತರ ಆಸುಪಾಸಿನಲ್ಲೇ ‘ನಾಗಶ್ರೀ’ ಪ್ರಸಂಗ ಬರೆದರು. ಡೇರೆ ಮೇಳಗಳಲ್ಲಿ ಅದು ಓಡಿದ ಪರಿಯನ್ನು ಕಂಡವರು ಇನ್ನೂ ಇದ್ದಾರೆ. ಸಾಲಿಗ್ರಾಮ ಮೇಳದಲ್ಲಿ ಅವರು ಪದ್ಯಕ್ಕೆ ಕೂತರೆ, ವೇಷಕ್ಕಿಂತ ಹೆಚ್ಚಾಗಿ ಭಾಗವತರನ್ನು ಕೇಳಲೆಂದೇ ಜನ ಟಿಕೆಟು ತೆಗೆದುಕೊಳ್ಳುತ್ತಿದ್ದರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಮೂವತ್ತೆರಡು ಇನ್ನೂ ತುಂಬಿರಲಿಲ್ಲ.

ಅಷ್ಟು ಸಣ್ಣ ಪ್ರಾಯದಲ್ಲಿ ಹೋದ ಕವಿಗೆ ಪುಸ್ತಕ ಉಳಿಯುತ್ತದೆ, ಚಿತ್ರಗಾರನಿಗೆ ಪಟ ಉಳಿಯುತ್ತದೆ. ಭಾಗವತನಿಗೆ ಏನು ಉಳಿಯುತ್ತದೆ ಎಂದು ನೋಡಲು ಅಚ್ಚಾದ ಪ್ರಸಂಗ ಪುಸ್ತಕವೊಂದನ್ನು ತೆರೆಯಿರಿ. ಪದ್ಯದ ತಲೆಯ ಮೇಲೆ ರಾಗದ ಹೆಸರು, ತಾಳದ ಹೆಸರು. ಕೆಳಗೆ ಸಾಹಿತ್ಯ. ಮುಗಿಯಿತು. ಎತ್ತುಗಡೆ ಹೇಗೆ, ಯಾವ ಸಾಲನ್ನು ಎಷ್ಟು ಸಲ ತಿರುಗಿಸಿ ಹೇಳಬೇಕು, ಎಲ್ಲಿ ಕಾಲ ಏರಿಸಬೇಕು, ಯಾವ ಶಬ್ದದ ಹತ್ತಿರ ಚಂಡೆಗೆ ಕಣ್ಣಿನಲ್ಲೇ ಸೂಚನೆ ಹೋಗಬೇಕು, ಒಂದನ್ನೂ ಪುಸ್ತಕ ಹೇಳುವುದಿಲ್ಲ. ಅರ್ಥ ಎನ್ನುವ ವೇಷಧಾರಿಯ ಮಾತಂತೂ ಪುಸ್ತಕದಲ್ಲಿ ಇರುವುದೇ ಇಲ್ಲ, ಅದು ಆ ರಾತ್ರಿ ರಂಗದ ಮೇಲೆ ಹುಟ್ಟಿ ಅಲ್ಲೇ ಮುಗಿಯುವಂಥದ್ದು. ಭಾಗವತನೇ ಮೊದಲನೆಯ ವೇಷ ಎಂದು ಹಿರಿಯರು ಹೇಳುತ್ತಿದ್ದರು. ಆಟವನ್ನು ಹಿಡಿದು ನಡೆಸುವವನು ಅವನು. ಎದುರಿನ ವೇಷಧಾರಿಗೆ ಇವತ್ತು ಕಸು ಇದೆಯೋ ದಣಿದಿದ್ದಾನೋ ನೋಡಿ ಪದ್ಯವನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಇದನ್ನು ಬರೆದಿಟ್ಟ ಗ್ರಂಥವಿಲ್ಲ. ಬರೆದರೂ ಅದು ಕಿವಿಗೆ ಕೇಳುವುದಿಲ್ಲ.

ಹಾಗಾಗಿ ನೀವು ತುಂಬಿಟ್ಟ ಟೇಪೇ ಗತಿ.

ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಕ್ಯಾಸೆಟ್‌ಗಳೂ ಇದ್ದವಲ್ಲ ಎಂದು ಕೇಳುವವರಿದ್ದಾರೆ. ಇದ್ದವು, ನಾನೂ ಕೊಂಡಿದ್ದೇನೆ. ಇಡೀ ರಾತ್ರಿಯ ಪ್ರಸಂಗವನ್ನು ಎರಡು ಮೂರು ಗಂಟೆಗೆ ಇಳಿಸಿ, ಎದುರಿಗೆ ಕುಣಿಯುವವರಿಲ್ಲದ ಕೋಣೆಯಲ್ಲಿ ಧ್ವನಿಮುದ್ರಣ ಮಾಡಿದಂಥವು ಅವು. ಸ್ವರ ಶುದ್ಧವಾಗಿ ಕೇಳುತ್ತದೆ, ಮದ್ದಲೆಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ಭಾಗವತನ ಅರ್ಧ ಕೆಲಸ ಅಲ್ಲಿಲ್ಲ. ಕುಣಿತವೇ ಇಲ್ಲದ ಮೇಲೆ ಯಾರನ್ನು ಕುಣಿಸುವುದು?

ನಮ್ಮ ಹಿರಿಯರೊಬ್ಬರ ಪೆಟ್ಟಿಗೆಯಲ್ಲಿ ಸಿಕ್ಕಿದ ಒಂದು ರಾತ್ರಿಯ ಟೇಪನ್ನು ಇತ್ತೀಚೆಗೆ ಕೂತು ಕೇಳಿದೆ. ಮೊದಲು ಗಿಜಿಗಿಜಿ. ಸೋಡಾ ಬಾಟ್ಲಿ ಒಡೆದ ಸದ್ದು, ಮಗುವಿನ ಅಳು, ದೂರದಲ್ಲಿ ಜನರೇಟರಿನ ಗುಂಯ್. ಆಮೇಲೆ ಪದ್ಯ. ಕರುಣ ರಸದ ಪದ್ಯ, ಸ್ತ್ರೀವೇಷಕ್ಕೆ. ಭಾಗವತರು ಒಂದು ಸಾಲನ್ನು ಎತ್ತಿ ನಿಲ್ಲಿಸಿದರು. ಮದ್ದಲೆ ಸಣ್ಣಗಾಯಿತು. ಅದೇ ಸಾಲನ್ನು ಮತ್ತೆ ಹೇಳಿದರು, ಈ ಸಲ ಬೇರೆ ಜಾಗದಲ್ಲಿ ಉಸಿರು ಬಿಟ್ಟು. ಜನರ ಗಲಾಟೆ ಒಂದು ಕಡೆಯಿಂದ ಆರುತ್ತಾ ಬಂದದ್ದು ಟೇಪಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಮೂರನೆಯ ಸಲ ಹೇಳುವಾಗ ಜನರೇಟರ್ ಒಂದೇ ಉಳಿದಿತ್ತು. ಅಷ್ಟರಲ್ಲಿ ರೆಕಾರ್ಡರಿನ ಹತ್ತಿರವೇ ಯಾರೋ ಪಿಸುಗುಟ್ಟಿದರು, “ಹ್ವಾಯ್, ಕ್ಯಾಸೆಟ್ ತಿರ್ಗ್ಸಿ ಮಾರಾಯ್ರೆ.” ಟಕ್ ಎಂದಿತು. ಮಗುಚಿ ಹಾಕಿದಾಗ ಪದ್ಯ ಮುಗಿದು ಅರ್ಥ ಶುರುವಾಗಿತ್ತು.

ಆ ಟಕ್ ಎಂಬಲ್ಲಿ ಹೋದದ್ದು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. ಆದರೆ ಅದೇ ರಾತ್ರಿ, ಅದೇ ಡೇರೆಯ ಇನ್ನೊಂದು ಮೂಲೆಯಲ್ಲಿ ನಿಮ್ಮಲ್ಲಿ ಇನ್ನೊಬ್ಬರು ಕೂತಿದ್ದಿರಬಹುದು, ನಿಮ್ಮ ಕ್ಯಾಸೆಟ್ ಐದು ನಿಮಿಷ ತಡವಾಗಿ ಮುಗಿದಿರಬಹುದು. ಎರಡು ಮನೆಯ ಟೇಪನ್ನು ಪಕ್ಕಪಕ್ಕ ಇಟ್ಟರೆ ಆ ಪದ್ಯ ಪೂರ್ತಿಯಾಗುತ್ತದೆ. ಈ ಕೆಲಸ ಯಾರೂ ಒಂಟಿಯಾಗಿ ಮಾಡಲಾಗದ್ದು.

ಬ್ಯಾಟರಿಯದೊಂದು ಸಂಗತಿಯನ್ನೂ ಹೇಳಲೇಬೇಕು. ಕ್ಯಾಸೆಟ್ಟಿನಲ್ಲಿ ಟೇಪು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಬ್ಯಾಟರಿ ಸೋತರೆ ರೆಕಾರ್ಡ್ ಆಗುವಾಗಲೇ ಟೇಪು ನಿಧಾನವಾಗಿ ಓಡುತ್ತದೆ. ಮರುದಿನ ಮನೆಯಲ್ಲಿ ಕರೆಂಟಿಗೆ ಹಾಕಿ ಸರಿಯಾದ ವೇಗದಲ್ಲಿ ಕೇಳಿದರೆ ಪದ್ಯ ಇದ್ದದ್ದಕ್ಕಿಂತ ಬೇಗ ಓಡುತ್ತದೆ, ಶ್ರುತಿ ಇದ್ದದ್ದಕ್ಕಿಂತ ಏರುತ್ತದೆ. ನಾವಡರ ಕಂಠ ಎತ್ತರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಟೇಪಿನಿಂದ ಅವರನ್ನು ಕಲಿತ ಹುಡುಗರು ಅವರು ಹಾಡಿಯೇ ಇರದ ಶ್ರುತಿಯನ್ನು ಹಿಡಿಯಲು ಹೋಗಿ ಗಂಟಲು ಹಾಳು ಮಾಡಿಕೊಳ್ಳುವ ಅಪಾಯವಿದೆ. ಇದನ್ನು ಸರಿಪಡಿಸುವುದು ಕಷ್ಟವಲ್ಲ. ಹೊಸ ಬ್ಯಾಟರಿ ಹಾಕಿದ ಕೂಡಲೇ ರೆಕಾರ್ಡಾದ ಭಾಗದಲ್ಲಿ ಶ್ರುತಿಪೆಟ್ಟಿಗೆ ಎಲ್ಲಿದೆ ನೋಡಿಕೊಂಡು, ಅದೇ ಭಾಗವತರ ಉಳಿದ ಭಾಗವನ್ನು ಅದಕ್ಕೆ ಹೊಂದಿಸಬಹುದು. ಕಂಪ್ಯೂಟರ್ ಬಲ್ಲವನೊಬ್ಬ, ಶ್ರುತಿಜ್ಞಾನ ಇರುವವನೊಬ್ಬ ಪಕ್ಕದಲ್ಲಿ ಕೂತರೆ ಸಾಕು. ಆದರೆ ಅದಕ್ಕೆ ಮೂಲ ಟೇಪು ಬೇಕು. ಪ್ರತಿಯ ಪ್ರತಿ ತೆಗೆದು, ಅದನ್ನು ಎಂಪಿ3 ಮಾಡಿ, ವಾಟ್ಸ್ಯಾಪಿನಲ್ಲಿ ಹತ್ತು ಕೈ ದಾಟಿ ಬಂದದ್ದರಲ್ಲಿ ಈ ಕೆಲಸ ಆಗುವುದಿಲ್ಲ.

ಮೂಲ ಟೇಪಿನ ಆಯಸ್ಸು ಮುಗಿಯುತ್ತಾ ಬಂದಿದೆ. ನಮ್ಮ ಕರಾವಳಿಯ ಮಳೆಗಾಲ ಕ್ಯಾಸೆಟ್ಟಿಗೆ ಯಮ. ಟೇಪಿನ ಅಂಚಿಗೆ ಬಿಳಿ ನೂಲಿನಂತೆ ಬೂಸ್ಟು ಕಟ್ಟುತ್ತದೆ, ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಕಾಣುತ್ತದೆ. ಹಾಗೆ ಕಂಡದ್ದನ್ನು ದಯವಿಟ್ಟು ಪ್ಲೇಯರಿಗೆ ಹಾಕಬೇಡಿ, ಆ ಪ್ಲೇಯರಿನಿಂದ ಉಳಿದ ಕ್ಯಾಸೆಟ್ಟಿಗೂ ಹತ್ತುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಸಣ್ಣ ಫೆಲ್ಟಿನ ತುಂಡು ಅಂಟು ಒಣಗಿ ಉದುರಿರುತ್ತದೆ. ಆಗ ಸ್ವರ ಮಬ್ಬಾಗಿ ಕೇಳುತ್ತದೆ. ಕ್ಯಾಸೆಟ್ ಹೋಯಿತೆಂದು ಎಸೆಯಬೇಡಿ. ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ಬದಲಿಸಿದರೆ ಸರಿಯಾಗಿ ಕೇಳುತ್ತದೆ. ಕಡಿಮೆ ಕ್ಯಾಸೆಟ್ಟಿನಲ್ಲಿ ರಾತ್ರಿ ಮುಗಿಯಲಿ ಎಂದು ಸಿ-90 ಹಾಕಿದವರು ಇನ್ನೂ ಜಾಗ್ರತೆಯಾಗಿರಬೇಕು. ಸಿ-60ಕ್ಕಿಂತ ಅದರ ಟೇಪು ತೆಳು, ಹಿಗ್ಗುವುದೂ ಸಿಕ್ಕಿಕೊಳ್ಳುವುದೂ ಬೇಗ. ಎಲ್ಲಕ್ಕಿಂತ ಮೊದಲು ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಅದರ ಮೇಲೆ ಮತ್ತೇನೂ ರೆಕಾರ್ಡ್ ಆಗುವುದಿಲ್ಲ. ಮನೆಯ ಮಗು ಗುಂಡಿ ಒತ್ತಿದ್ದಕ್ಕೆ ಎಷ್ಟೋ ರಾತ್ರಿಗಳು ಅಳಿಸಿಹೋಗಿವೆ.

ಡಿಜಿಟಲ್ ಮಾಡುವುದಾದರೆ ಒಂದೇ ಸಲ ಚೆನ್ನಾಗಿ ಮಾಡಿ. ಪ್ಲೇಯರಿನ ಹೆಡ್ಡನ್ನು ಸ್ಪಿರಿಟಿನಿಂದ ಒರೆಸಿ, ಟೇಪನ್ನು ಒಂದು ಸಲ ಈಚೆಯಿಂದ ಆಚೆಗೆ ಪೂರ್ತಿ ಸುತ್ತಿ ಸಡಿಲ ಮಾಡಿ, ಆಮೇಲೆ ಹಾಕಿ. ಧ್ವನಿ ಸಂಗ್ರಹಾಲಯಗಳು ಪಾಲಿಸುವ ಅಳತೆ 96 ಕಿಲೋಹರ್ಟ್ಸ್, 24 ಬಿಟ್, ಒತ್ತದ ವೇವ್ ಫೈಲು. ಹಾಗೆ ಮಾಡಿದರೆ ಒಂದು ಗಂಟೆಯ ಸ್ಟೀರಿಯೊ ಧ್ವನಿ ಸುಮಾರು 2 ಜಿಬಿ ಆಗುತ್ತದೆ. ಎಂಟು ಗಂಟೆಯ ಪೂರ್ತಿ ಆಟ 17 ಜಿಬಿಯೊಳಗೆ ಬರುತ್ತದೆ. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಐವತ್ತಕ್ಕಿಂತ ಹೆಚ್ಚು ರಾತ್ರಿಗಳು ಹಿಡಿಯುತ್ತವೆ. ಒಂದು ಸನ್ಮಾನ ಸಮಾರಂಭದ ಪೆಂಡಾಲಿಗೂ ಆ ಡಿಸ್ಕಿಗಿಂತ ಹೆಚ್ಚು ಖರ್ಚಾಗುತ್ತದೆ. ಸದ್ದು ತೆಗೆಯುತ್ತೇವೆಂದು ಆ್ಯಪ್ ಹಾಕಿ ಉಜ್ಜಬೇಡಿ. ಅದು ಜನರೇಟರಿನ ಜೊತೆ ಚಂಡೆಯ ಅಂಚನ್ನೂ ಕೆರೆದು ತೆಗೆಯುತ್ತದೆ. ಮಾಡಲೇಬೇಕಿದ್ದರೆ ಮೂಲ ಫೈಲನ್ನು ಹಾಗೇ ಇಟ್ಟು, ಪ್ರತಿಯಲ್ಲಿ ಮಾಡಿ.

ಯೂಟ್ಯೂಬಿಗೆ ಹಾಕುವವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಂದಲೇ ಬೆಂಗಳೂರು, ಮುಂಬಯಿ, ದುಬೈಗಳಲ್ಲಿರುವ ನಮ್ಮವರ ಮಕ್ಕಳು ನಾವಡರ ಸ್ವರ ಕೇಳಿದ್ದಾರೆ. ಆದರೆ ಹತ್ತರಲ್ಲಿ ಎಂಟಕ್ಕೆ ಊರಿಲ್ಲ, ವರ್ಷವಿಲ್ಲ, ಮದ್ದಲೆ ಚಂಡೆ ಯಾರದ್ದೆಂದು ಇಲ್ಲ. ಪದ್ಯದ ನಡುವೆ ಚಾನೆಲ್ಲಿನ ಹೆಸರು ಕೂಗಿಸಿರುತ್ತಾರೆ. ತುಣುಕು ಮಾಡಿ, ಅದರಲ್ಲೂ ಚಪ್ಪಾಳೆ ಬಿದ್ದ ತುಣುಕನ್ನೇ ಹಾಕುತ್ತಾರೆ. ನಾವಡರನ್ನು ಹೊಗಳುವವರೂ, ಯಕ್ಷಗಾನವನ್ನು ಸಂಗೀತ ಕಚೇರಿ ಮಾಡಿದರೆಂದು ದೂರುವವರೂ ಕಡೆಗೆ ಅದೇ ಕೆಲವು ಪದ್ಯಗಳನ್ನು ಹಿಡಿದು ವಾದ ಮಾಡುತ್ತಿದ್ದಾರೆ. ಪೌರಾಣಿಕ ಪ್ರಸಂಗಕ್ಕೆ ಕೂತಾಗ, ವೇಷಗಳು ರಂಗಕ್ಕೆ ಬರುವ ಒಡ್ಡೋಲಗದ ಹೊತ್ತಿನಲ್ಲಿ, ಯುದ್ಧದ ಏರು ಪದ್ಯಗಳಲ್ಲಿ, ಯಾರೂ ಚಪ್ಪಾಳೆ ತಟ್ಟದ ನಡುರಾತ್ರಿಯ ಸಾದಾ ಪದ್ಯಗಳಲ್ಲಿ ಗುರುಗಳ ಕ್ರಮವನ್ನು ಅವರು ಎಷ್ಟು ಉಳಿಸಿಕೊಂಡಿದ್ದರು ಎಂಬುದನ್ನು ಯಾರು ತೋರಿಸಬೇಕು? ಪೂರ್ತಿ ರಾತ್ರಿಯ ಟೇಪು ಇರುವವರು. ನನ್ನ ಕಿವಿಗೆ ಕೇಳಿದ ಮಟ್ಟಿಗೆ, ಅವರನ್ನು ದೂರಿದವರು ಅರ್ಧ ಮಾತ್ರ ಕೇಳಿದ್ದಾರೆ. ಅವರಂತೆ ಹಾಡುತ್ತೇವೆಂದು ಆಲಾಪನೆಯನ್ನು ಮಾತ್ರ ಕಲಿತು, ಎಲ್ಲಿ ನಿಲ್ಲಿಸಬೇಕೆಂದು ಕಲಿಯದವರೂ ಅರ್ಧವನ್ನೇ ಕೇಳಿದ್ದಾರೆ.

ಇನ್ನೊಂದು ಕಾರಣಕ್ಕೂ ನಿಮ್ಮ ಪೂರ್ತಿ ರಾತ್ರಿಗಳು ಬೇಕು. ಹೆಚ್ಚಿನ ಮೇಳಗಳು ಈಗ ಕಾಲಮಿತಿಗೆ ಬಂದಿವೆ, ಆಟ ನಡುರಾತ್ರಿಗೆಲ್ಲ ಮಂಗಳ ಆಗುತ್ತದೆ. ಅದಕ್ಕೆ ಅದರದೇ ಕಾರಣಗಳಿವೆ, ಕಲಾವಿದರ ಆರೋಗ್ಯವೂ ಅದರಲ್ಲಿ ಸೇರಿದೆ. ಆದರೆ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಬೆಳಕಿಗೆ ಮುಗಿಯುತ್ತಿದ್ದ ಆಟದ ನಡಿಗೆ ಹೇಗಿತ್ತು ಎಂದು ಇನ್ನು ಇಪ್ಪತ್ತು ವರ್ಷದ ಮೇಲೆ ಹುಡುಗನೊಬ್ಬ ಕೇಳಿದರೆ ಕಿವಿಗೆ ಇಡಲು ನಿಮ್ಮದೇ ಆ ಪೂರ್ತಿ ರಾತ್ರಿಯ ಕ್ಯಾಸೆಟ್‌ಗಳು ಇರಬೇಕು.

ಹಕ್ಕಿನ ವಿಚಾರದಲ್ಲಿ ನಿಮಗೆ ಹೆದರಿಕೆ ಇರುವುದು ಗೊತ್ತು. ಕೊಟ್ಟರೆ ಯಾರೋ ಮಾರಿಕೊಂಡಾರು ಎಂಬ ಅನುಮಾನ, ಅಂದು ಅನುಮತಿ ಕೇಳದೆ ಮಾಡಿದ್ದಕ್ಕೆ ಇಂದು ಯಾರಾದರೂ ಪ್ರಶ್ನಿಸಿಯಾರು ಎಂಬ ಅಳುಕು. ನಮ್ಮ ಕೃತಿಸ್ವಾಮ್ಯದ ಕಾನೂನಿನಲ್ಲಿ ಪ್ರದರ್ಶನದ ಮೇಲೆ ಕಲಾವಿದನ ಹಕ್ಕು ಆ ಪ್ರದರ್ಶನದ ಮರುವರ್ಷದಿಂದ 50 ವರ್ಷ. ಬರೆದ ಪ್ರಸಂಗದ ಹಕ್ಕು ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ, ಎಂದರೆ ನಾವಡರ ಪ್ರಸಂಗಗಳಿಗೆ 2050ರ ಕೊನೆಯವರೆಗೆ. ಆದ್ದರಿಂದ ದುಡ್ಡು ಮಾಡುವ ಅಧಿಕಾರ ನಿಮಗೂ ಇಲ್ಲ, ಅಪ್‌ಲೋಡ್ ಮಾಡುವವರಿಗೂ ಇಲ್ಲ. ಕುಟುಂಬದವರನ್ನೂ ಮೇಳದವರನ್ನೂ ಕೇಳಿಯೇ ಮುಂದುವರಿಯಬೇಕು. ಹಾಳಾಗುತ್ತಿರುವ ಟೇಪನ್ನು ಸಂಶೋಧನೆಗೆಂದು ಸಂಗ್ರಹಾಲಯದಲ್ಲಿ ಜೋಪಾನ ಮಾಡಿಸುವುದು ಮಾರಾಟವಲ್ಲ. ಒಂದು ಕಾಗದದಲ್ಲಿ ಷರತ್ತು ಬರೆದು ಕೊಡಿ: ಕೇಳಲು ಅವಕಾಶ ಉಂಟು, ಮಾರಲು ಇಲ್ಲ.

ಕೊಡುವುದು ಎಲ್ಲಿಗೆ ಎಂದು ಕೇಳಿದರೆ ನಮ್ಮ ಜಿಲ್ಲೆಗಳು ಅಷ್ಟು ಬಡವಲ್ಲ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕಟ್ಟಿ, ಜನಪದ ಕಲೆಗಳ ಧ್ವನಿ ಮತ್ತು ದೃಶ್ಯ ಸಂಗ್ರಹವನ್ನು ಹಿಂದೆಯೇ ಶುರು ಮಾಡಿದ್ದರು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಯಕ್ಷಗಾನ ಅಧ್ಯಯನ ಕೇಂದ್ರ ಇದೆ, ರಾಜ್ಯಕ್ಕೊಂದು ಯಕ್ಷಗಾನ ಅಕಾಡೆಮಿ ಇದೆ. ಹಳೆಯ ಪ್ರಸಂಗ ಪುಸ್ತಕಗಳನ್ನು ಊರೂರಿನಿಂದ ಹುಡುಕಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡಿದವರು ಯಕ್ಷವಾಹಿನಿಯ ‘ಪ್ರಸಂಗಪ್ರತಿ ಸಂಗ್ರಹ’ದ ಸ್ವಯಂಸೇವಕರು. ಪುಸ್ತಕಕ್ಕೆ ಆಗಿರುವ ಆ ಕೆಲಸ ಸ್ವರಕ್ಕೂ ಆಗಬೇಕು. ಅಕಾಡೆಮಿಯವರು ಈ ಪತ್ರ ಓದಿದರೆ ನನ್ನ ಕೋರಿಕೆ ಇಷ್ಟೇ. ಪ್ರತಿ ತಾಲೂಕಿನಲ್ಲಿ ಒಂದು ದಿನ, ಒಂದು ಶಾಲೆಯ ಕೋಣೆಯಲ್ಲಿ, ಎರಡು ಒಳ್ಳೆಯ ಟೇಪ್ ಡೆಕ್ಕು, ಬಲ್ಲವರು ಇಬ್ಬರು. ಜನ ಕ್ಯಾಸೆಟ್ ತರಲಿ, ಪ್ರತಿ ತೆಗೆದು ಮೂಲವನ್ನು ಅಲ್ಲೇ ಕೈಗೆ ವಾಪಸು ಕೊಡಲಿ. ಕ್ಯಾಸೆಟ್ ಕಳೆದೀತು ಎಂಬ ಹೆದರಿಕೆಯಿಂದಲೇ ಹೆಚ್ಚಿನವರು ಕೊಡುತ್ತಿಲ್ಲ.

ನಾವಡರ ಹೆಸರಿನಲ್ಲಿ ಪ್ರಶಸ್ತಿ ಕೊಡುವುದು ಸಂತೋಷವೇ, ಬದುಕಿರುವ ಕಲಾವಿದನ ಕೈಗೆ ನಾಲ್ಕು ಕಾಸು ಬರುತ್ತದೆ. ಆದರೆ ಸಂಸ್ಮರಣೆಯ ವೇದಿಕೆಯಲ್ಲಿ ಎರಡು ಗಂಟೆ ನಾವು ಮಾತಾಡುತ್ತೇವೆ, ಅವರ ಸ್ವರ ಎರಡು ನಿಮಿಷವೂ ಕೇಳುವುದಿಲ್ಲ. ಇದನ್ನು ತಿರುಗಿಸಿ ಹಾಕಬೇಕು. ಅವರ ಪದ್ಯಕ್ಕೆ ಹೆಜ್ಜೆ ಹಾಕಿದ ವೇಷಧಾರಿಗಳು, ಅವರ ಎಡಬಲಕ್ಕೆ ಕೂತು ನುಡಿಸಿದ ಹಿಮ್ಮೇಳದವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ, ಹೆಚ್ಚಿನವರು ಅರವತ್ತು ಎಪ್ಪತ್ತು ದಾಟಿದವರು. ಅವರನ್ನು ಕೂರಿಸಿ, ಹಳೆಯ ಟೇಪು ಹಾಕಿ, ನಿಲ್ಲಿಸಿ ನಿಲ್ಲಿಸಿ ಕೇಳಬೇಕು: ಇಲ್ಲಿ ಯಾಕೆ ಈ ಸಾಲನ್ನು ತಿರುಗಿ ಹೇಳಿದರು? ನಿಮಗೆ ಮೊದಲೇ ಗೊತ್ತಿತ್ತೆ? ಇಲ್ಲಿ ಮದ್ದಲೆ ಯಾಕೆ ಸುಮ್ಮನಾಯಿತು? ಅವರು ಕೊಡುವ ಉತ್ತರವನ್ನು ಅದೇ ಟೇಪಿನ ಜೊತೆ ಜೋಡಿಸಿಡಬೇಕು. ಭಾಗವತಿಕೆ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ನನಗಂತೂ ತೋಚುವುದಿಲ್ಲ. ಇದೇ ಮಾತು ಯಕ್ಷಗಾನದ ಬೇರೆ ಹಿರಿಯರಾದ ಶೇಣಿ ಗೋಪಾಲಕೃಷ್ಣ ಭಟ್ಟರು ವೇಷವಿಲ್ಲದೆ ಅರ್ಥ ಹೇಳಿದ ತಾಳಮದ್ದಲೆಗೂ, ನೆಬ್ಬೂರು ನಾರಾಯಣ ಭಾಗವತರ ಪದ್ಯಕ್ಕೂ, ಬಲಿಪ ನಾರಾಯಣ ಭಾಗವತರ ರಾತ್ರಿಗಳಿಗೂ ಸಲ್ಲುತ್ತದೆ. ಅವರ ಟೇಪುಗಳೂ ನಿಮ್ಮಲ್ಲೇ ಇವೆ.

ನಿಮ್ಮಲ್ಲಿ ಕೆಲವರು ಈಗಾಗಲೇ ಹೋಗಿದ್ದೀರಿ. ಆ ಮನೆಗಳ ಮಕ್ಕಳಿಗೆ ಒಂದು ಮಾತು. ಮನೆ ಒಡೆದು ಕಟ್ಟುವಾಗ, ಅಟ್ಟ ಖಾಲಿ ಮಾಡುವಾಗ, ಕ್ಯಾಸೆಟ್ ತುಂಬಿದ ರಟ್ಟಿನ ಪೆಟ್ಟಿಗೆ ಸಿಕ್ಕಿದರೆ ಗುಜರಿಯವನಿಗೆ ಹಾಕಬೇಡಿ. ಲೇಬಲ್ಲಿನ ಮೇಲೆ ಬಾಲ್ ಪೆನ್ನಿನಲ್ಲಿ ಬರೆದದ್ದು ಮಾಸಿರುತ್ತದೆ, ಆದರೂ ಮೊದಲು ಅದರ ಫೋಟೋ ತೆಗೆಯಿರಿ. ಊರಿನ ಹೆಸರು, ಮೇಳ, ಪ್ರಸಂಗ, ಎಷ್ಟನೆಯ ಕ್ಯಾಸೆಟ್ ಎಂಬ ಸಂಖ್ಯೆ, ನಿಮ್ಮ ಅಪ್ಪನೋ ಅಜ್ಜನೋ ಅಷ್ಟನ್ನು ಬರೆದಿಟ್ಟಿರುತ್ತಾರೆ. ಲೇಬಲ್ಲು ಕಳಚಿದ ಕ್ಯಾಸೆಟ್ ಅನಾಥ.

ನೀವು ಇನ್ನೂ ಇದ್ದರೆ, ಈ ಸಲದ ಮಳೆಗೆ ಮೊದಲು ಆ ಪೆಟ್ಟಿಗೆಯನ್ನು ಕೆಳಗಿಳಿಸಿ. ಒಂದು ನೋಟ್‌ಬುಕ್ಕು ಹಿಡಿದು, ಪ್ರತಿ ಕ್ಯಾಸೆಟ್ಟಿಗೊಂದು ನಂಬರು ಹಾಕಿ, ಎಲ್ಲಿಯ ಆಟ, ಯಾವ ವರ್ಷ, ಯಾರ ಯಾರ ವೇಷ, ಹಿಮ್ಮೇಳದಲ್ಲಿ ಯಾರು, ನೆನಪಿದ್ದಷ್ಟು ಬರೆಯಿರಿ. ನೆನಪಾಗದ ಕಡೆ ಜಾಗ ಬಿಡಿ, ಬೇರೆಯವರು ತುಂಬಿಯಾರು. ಕೊನೆಗೆ, ಧ್ವನಿಮುದ್ರಣ ಮಾಡಿದವರು ಎಂಬ ಜಾಗದಲ್ಲಿ ನಿಮ್ಮ ಹೆಸರನ್ನೂ ತಪ್ಪದೆ ಬರೆಯಿರಿ.

ಇತಿ,
ನಿಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದವ